ಗಣೇಶಖಿಂಡದ ಸರದಿ ಲೆಕ್ಕ

ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡ ಆವರಣದಲ್ಲಿ 1988ರಲ್ಲಿ ಸಿ-ಡ್ಯಾಕ್ ಎಂಬ ಹೊಸ ಸಂಸ್ಥೆ ಕೆಲಸ ಶುರುಮಾಡಿದಾಗ ಅದಕ್ಕಿದ್ದ ಗಡುವು ಮೂರು ವರ್ಷ. ಅಷ್ಟರೊಳಗೆ ಒಂದು ಸೂಪರ್‌ಕಂಪ್ಯೂಟರ್ ಕಟ್ಟಿ ನಿಲ್ಲಿಸಬೇಕಿತ್ತು. ಹಿನ್ನೆಲೆ ಹಲವರಿಗೆ ಗೊತ್ತಿರುವಂಥದ್ದೇ. ಹವಾಮಾನ ಮುನ್ಸೂಚನೆಗಾಗಿ ಭಾರತ ಅಮೆರಿಕದ ಕ್ರೇ ಕಂಪನಿಯಿಂದ ಎರಡು ಪ್ರೊಸೆಸರಿನ ಎಕ್ಸ್-ಎಂಪಿ/24 ಕೇಳಿತ್ತು. ಮಾತುಕತೆ ಎಳೆದೂ ಎಳೆದೂ ಕೊನೆಗೆ ಸಿಕ್ಕಿದ್ದು ಒಂದೇ ಪ್ರೊಸೆಸರಿನ ಎಕ್ಸ್-ಎಂಪಿ/14, ಅದೂ ಷರತ್ತುಗಳ ಸಮೇತ. ಅಂಥ ಯಂತ್ರಕ್ಕಾಗಿ ಪ್ರತಿ ಸಲ ಬಾಗಿಲು ಬಡಿಯುವುದು ಬೇಡ ಎಂದು ಸರ್ಕಾರ ನಿರ್ಧರಿಸಿತು. ವಿಜಯ್ ಭಟ್ಕರ್ ನೇತೃತ್ವದ ತಂಡ 1991ರಲ್ಲಿ ಪರಮ್ 8000 ಯಂತ್ರವನ್ನು ಮುಂದಿಟ್ಟಿತು.

ಈ ಕಥೆಯನ್ನು ಸಾಮಾನ್ಯವಾಗಿ ಸ್ವಾಭಿಮಾನದ ಕಥೆಯಾಗಿ ಹೇಳುತ್ತಾರೆ: ಅವರು ಕೊಡಲಿಲ್ಲ, ನಾವೇ ಮಾಡಿಕೊಂಡೆವು. ಸುಳ್ಳೇನಲ್ಲ. ಆದರೆ ಹಾಗೆ ಹೇಳಿ ಮುಗಿಸಿದರೆ ಯಂತ್ರದ ಒಳಗೆ ಏನು ನಡೆಯುತ್ತಿತ್ತು ಎಂಬುದು ಬಿಟ್ಟೇ ಹೋಗುತ್ತದೆ. ಕ್ರೇ ಯಂತ್ರದ ಬಲ ಇದ್ದುದು ಒಂದೆರಡು ಅತಿ ವೇಗದ ಪ್ರೊಸೆಸರ್‌ಗಳಲ್ಲಿ. ಪರಮ್ 8000ರ ಬಲ ಇದ್ದುದು 64 ಸಾಧಾರಣ ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವುದರಲ್ಲಿ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನವರು (ಆಗ ಅದರ ಹೆಸರು ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ) ಇದೇ ದಾರಿಯಲ್ಲಿ ಹೊರಟು 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಪುಟ್ಟ ಸಮಾಂತರ ಕಂಪ್ಯೂಟರ್ ಕಟ್ಟಿದ್ದರು. ಒಬ್ಬ ಭೀಮನ ಬದಲು ಅರವತ್ತನಾಲ್ಕು ಆಳು ಎಂದರೆ ಕೇಳುವುದಕ್ಕೆ ಸುಲಭ. ಆದರೆ ಆಳು ಹೆಚ್ಚಾದ ಕೂಡಲೇ, ಒಬ್ಬರು ಇನ್ನೊಬ್ಬರಿಗಾಗಿ ಕಾಯುವ ಹೊತ್ತೂ ಹೆಚ್ಚುತ್ತದೆ. ಆ ಕಾಯುವಿಕೆ ಎಷ್ಟು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಪ್ರತಿ ಪ್ರೊಸೆಸರಿನ ಒಳಗೆ ಯಾವ ಕೆಲಸಕ್ಕೆ ಮೊದಲ ಸರದಿ ಎಂಬ ಪ್ರಶ್ನೆ.

ಒಂದು ಪ್ರೊಸೆಸರ್ ಒಂದು ಕ್ಷಣದಲ್ಲಿ ಮಾಡುವುದು ಒಂದೇ ಕೆಲಸ. ನಡೆಯಬೇಕಾದ ಕೆಲಸಗಳು ಮಾತ್ರ ಹತ್ತಾರು. ಚಾಲನೆಯಲ್ಲಿರುವ ಒಂದೊಂದು ಕೆಲಸಕ್ಕೂ ‘ಪ್ರೊಸೆಸ್’ ಎಂದು ಹೆಸರು. ಅವುಗಳ ಸಾಲನ್ನು ನೋಡಿಕೊಂಡು ಈಗ ನೀನು, ಆಮೇಲೆ ನೀನು ಎಂದು ಕಳುಹಿಸುವುದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್. ಈ ಸರದಿ ಹಂಚುವ ಭಾಗಕ್ಕೆ ಶೆಡ್ಯೂಲರ್ ಎನ್ನುತ್ತಾರೆ. ಬಳಕೆದಾರನ ಕಣ್ಣಿಗೆ ಬೀಳದ ಕೆಲಸಗಳೂ ಇದೇ ಸಾಲಿನಲ್ಲಿ ನಿಲ್ಲುತ್ತವೆ: ಮೆಮೊರಿ ತೆರವು ಮಾಡುವುದು, ಡಿಸ್ಕಿಗೆ ಬರೆಯುವುದು, ನೆಟ್‌ವರ್ಕಿನಿಂದ ಬಂದದ್ದನ್ನು ಬಿಚ್ಚಿ ಕೊಡುವುದು. ಅವಕ್ಕೂ ಪ್ರೊಸೆಸರ್ ಬೇಕು.

ಪರಮ್ 8000ರಲ್ಲಿ ಈ ಶೆಡ್ಯೂಲರ್ ಇದ್ದ ಜಾಗ ವಿಚಿತ್ರವಾದದ್ದು. ಸಿ-ಡ್ಯಾಕ್ ಆರಿಸಿಕೊಂಡ ಚಿಪ್ ಬ್ರಿಟನ್ನಿನ ಬ್ರಿಸ್ಟಲ್ ನಗರದ ಇನ್‌ಮೋಸ್ ಕಂಪನಿಯ ಟಿ800 ಟ್ರಾನ್ಸ್‌ಪ್ಯೂಟರ್. ಡೇವಿಡ್ ಮೇ ಅದರ ವಿನ್ಯಾಸದ ಮುಖ್ಯ ಶಿಲ್ಪಿ. ಒಂದೇ ಚಿಪ್ಪಿನಲ್ಲಿ ಪ್ರೊಸೆಸರ್, ದಶಾಂಶ ಲೆಕ್ಕದ ಘಟಕ, 4 ಕಿಲೋಬೈಟ್ ಮೆಮೊರಿ, ಅಕ್ಕಪಕ್ಕದ ಚಿಪ್ಪುಗಳಿಗೆ ನೇರ ತಂತಿ ಎಳೆಯಲು ನಾಲ್ಕು ಲಿಂಕ್. ಇದೆಲ್ಲದರ ಜೊತೆಗೆ ಸರದಿ ಹಂಚುವ ಕೆಲಸವನ್ನೂ ಚಿಪ್ಪಿನ ಒಳಗೇ ಕೆತ್ತಿಬಿಟ್ಟಿದ್ದರು. ಪ್ರೊಸೆಸ್ ಬದಲಿಸಲು ಕರ್ನೆಲ್ ಎಂಬ ಪ್ರತ್ಯೇಕ ತಂತ್ರಾಂಶ ಎದ್ದು ಬರಬೇಕಾಗಿರಲಿಲ್ಲ. ಸಾಲಿನ ತಲೆ ಎಲ್ಲಿ, ಬಾಲ ಎಲ್ಲಿ ಎಂದು ನೆನಪಿಡುವ ರಿಜಿಸ್ಟರ್‌ಗಳು ಚಿಪ್ಪಿನಲ್ಲೇ ಇದ್ದವು.

ಸಾಲುಗಳು ಎರಡೇ, ಒಂದು ಮೇಲಿನ ಆದ್ಯತೆಯದು, ಇನ್ನೊಂದು ಕೆಳಗಿನದು. ಕೆಳಸಾಲಿನ ಪ್ರೊಸೆಸ್‌ಗಳು ಪಾಳಿಯ ಮೇಲೆ ಓಡುತ್ತಿದ್ದವು. ಒಂದು ಪಾಳಿಯ ಅಳತೆ ಸುಮಾರು ಒಂದು ಮಿಲಿಸೆಕೆಂಡ್. ಪಾಳಿ ಮುಗಿದ ಮೇಲೂ ಕೆಲಸ ಉಳಿದಿದ್ದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಮೇಲಿನ ಸಾಲಿಗೆ ಪಾಳಿಯೇ ಇಲ್ಲ. ಅಲ್ಲಿಯ ಒಂದು ಪ್ರೊಸೆಸ್ ಎಚ್ಚರಗೊಂಡರೆ, ಕೆಳಗೆ ಯಾರು ಓಡುತ್ತಿದ್ದರೂ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಜಾಗ ಬಿಡಬೇಕು. ಬಂದವನು ತಾನಾಗಿ ನಿಲ್ಲುವವರೆಗೆ ಅವನದೇ ರಾಜ್ಯ. ಗಡಿಯಾರಗಳೂ ಎರಡು: ಮೇಲಿನವರ ಗಡಿಯಾರ ಮೈಕ್ರೋಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿತ್ತು, ಕೆಳಗಿನವರದು 64 ಮೈಕ್ರೋಸೆಕೆಂಡಿಗೊಮ್ಮೆ.

ಹಾಗಾದರೆ ಯಾವ ಕೆಲಸವನ್ನು ಮೇಲಿನ ಸಾಲಿನಲ್ಲಿ ನಿಲ್ಲಿಸಬೇಕು? ಮೊದಲ ಸಲ ಕೇಳಿದವರ ಉತ್ತರ ಬಹುತೇಕ ಒಂದೇ. ಯಂತ್ರ ಕಟ್ಟಿದ್ದೇ ಲೆಕ್ಕಕ್ಕಾಗಿ, ಆದ್ದರಿಂದ ಲೆಕ್ಕ ಮೇಲೆ. ಸಂದೇಶ ಸಾಗಿಸುವಂಥ ಚಿಲ್ಲರೆ ಕೆಲಸ ಬಿಡುವಾದಾಗ ನಡೆದರಾಯಿತು. ಟ್ರಾನ್ಸ್‌ಪ್ಯೂಟರ್ ಬಳಸಿದವರು ಬೇಗನೆ ಕಲಿತ ಪಾಠ ಇದಕ್ಕೆ ಪೂರ್ತಿ ಉಲ್ಟಾ. ಸಂದೇಶ ಸಾಗಿಸುವವನು ಮೇಲೆ, ಲೆಕ್ಕ ಮಾಡುವವನು ಕೆಳಗೆ.

ಕಾರಣ ತಂತಿಗಳ ಲೆಕ್ಕದಲ್ಲಿದೆ. ಒಂದು ಚಿಪ್ಪಿಗೆ ನಾಲ್ಕೇ ಲಿಂಕ್ ಇರುವುದರಿಂದ 64ರಲ್ಲಿ ನೇರ ನೆರೆಯವರು ಹೆಚ್ಚೆಂದರೆ ನಾಲ್ವರು. ಉಳಿದವರಿಗೆ ಕಳುಹಿಸುವ ಸಂದೇಶ ನಡುವಿನ ಚಿಪ್ಪುಗಳ ಮೂಲಕವೇ ಕೈದಾಟಬೇಕು. ಹಾಗಾಗಿ ಪ್ರತಿ ಚಿಪ್ಪೂ ತನ್ನ ಲೆಕ್ಕದ ಜೊತೆಗೆ ಊರವರ ಅಂಚೆಯನ್ನೂ ಹೊರುತ್ತಿತ್ತು. ಆ ಅಂಚೆಯ ಕೆಲಸ ಒಂದು ಸಲಕ್ಕೆ ಬೇಡುವುದು ಕೆಲವೇ ಮೈಕ್ರೋಸೆಕೆಂಡು. ಒಂದು ಲಿಂಕಿನಿಂದ ಬಂದದ್ದನ್ನು ಇನ್ನೊಂದು ಲಿಂಕಿಗೆ ಹಚ್ಚಿ ಕೊಟ್ಟರೆ ಮುಗಿಯಿತು, ಮುಂದಿನದು ಬರುವ ತನಕ ಅದು ನಿದ್ದೆಗೆ ಜಾರುತ್ತದೆ. ಅದಕ್ಕೆ ಮೊದಲ ಸರದಿ ಕೊಟ್ಟರೆ ಲೆಕ್ಕಕ್ಕೆ ಆಗುವ ನಷ್ಟ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಕೊಡದೆ ಕೆಳಸಾಲಿನಲ್ಲಿ ನಿಲ್ಲಿಸಿದರೆ, ಮಿಲಿಸೆಕೆಂಡಿನ ಒಂದೆರಡು ಪಾಳಿ ಕಾಯಬೇಕು. ಆ ಸಂದೇಶಕ್ಕಾಗಿ ಯಂತ್ರದ ಇನ್ನೊಂದು ತುದಿಯ ಚಿಪ್ಪು ಕೈಕಟ್ಟಿ ಕೂರಬೇಕು. ದಾರಿಯಲ್ಲಿ ಐದು ಚಿಪ್ಪುಗಳಿದ್ದರೆ ಐದು ಕಡೆಯೂ ಅದೇ ಕಾಯುವಿಕೆ.

ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಇದು ಬರೆದಿಡದ ನಿಯಮ. ಪಂಕ್ತಿಯಲ್ಲಿ ಬಡಿಸುತ್ತಿದ್ದ ಹುಡುಗ ಖಾಲಿ ಬಕೆಟ್ ಹಿಡಿದು ‘ಸಾರು ಮುಗೀತು’ ಎಂದು ಓಡಿ ಬಂದರೆ ಅಡುಗೆ ಭಟ್ಟರು ಹೋಳಿಗೆ ತಟ್ಟುವುದನ್ನು ಬಿಟ್ಟು ಎದ್ದು ಸಾರು ಸುರಿದು ಕೊಡುತ್ತಾರೆ. ಭಟ್ಟರ ಕೆಲಸ ದೊಡ್ಡದು, ಹುಡುಗನದು ಸಣ್ಣದು, ನಿಜ. ಆದರೆ ‘ಇನ್ನು ಹತ್ತು ಹೋಳಿಗೆ ಇದೆ, ಇರು’ ಎಂದರೆ ಇನ್ನೂರು ಎಲೆಗಳ ಮುಂದೆ ಇನ್ನೂರು ಜನ ಅನ್ನ ಕಲಸದೆ ಕೂರುತ್ತಾರೆ. ಆದ್ಯತೆ ಕೆಲಸದ ಹಿರಿಮೆಗೆ ಕೊಡುವ ಬಹುಮಾನ ಅಲ್ಲ. ಯಾರಿಗೆ ಬೇಕಾದ ಹೊತ್ತು ಕಡಿಮೆ, ಯಾರಿಗಾಗಿ ಕಾಯುವವರು ಹೆಚ್ಚು ಎಂಬ ಎರಡು ಪ್ರಶ್ನೆಗಳ ಮೇಲೆ ನಿಂತ ಏರ್ಪಾಡು ಅದು.

ಈ ಏರ್ಪಾಡಿನಲ್ಲಿ ಒಂದು ಗುಂಡಿಯೂ ಇತ್ತು. ಮೇಲಿನ ಸಾಲಿನವನನ್ನು ಯಾರೂ ಎಬ್ಬಿಸಿ ಕಳುಹಿಸುವಂತಿಲ್ಲವಾದ್ದರಿಂದ, ಅಲ್ಲಿ ಒಂದು ತಪ್ಪು ಪ್ರೋಗ್ರಾಮ್ ಸುತ್ತು ಹೊಡೆಯತೊಡಗಿದರೆ ಆ ಚಿಪ್ಪು ಸತ್ತಂತೆಯೇ. ಅದರ ಮೂಲಕ ಅಂಚೆ ಕಳುಹಿಸುತ್ತಿದ್ದ ನೆರೆಯವರೂ ನಿಲ್ಲುತ್ತಾರೆ, ಅವರ ನೆರೆಯವರೂ ನಿಲ್ಲುತ್ತಾರೆ. ಅಧಿಕಾರ ಕೊಟ್ಟದ್ದು ಬೇಗ ಎದ್ದು ಹೋಗುತ್ತಾನೆಂಬ ನಂಬಿಕೆಯ ಮೇಲೆ. ನಂಬಿಕೆ ಕೆಟ್ಟರೆ ಚಿಪ್ಪಿನ ಬಳಿ ಬೇರೆ ಉಪಾಯ ಇರಲಿಲ್ಲ.

ಸಿ-ಡ್ಯಾಕ್‌ನ ಮುಂದಿನ ಯಂತ್ರ ಪರಮ್ 8600ರಲ್ಲಿ ಈ ಎರಡು ಬಗೆಯ ಕೆಲಸಗಳನ್ನು ಬೇರೆ ಬೇರೆ ಚಿಪ್ಪುಗಳಿಗೇ ಹಂಚುವ ಅವಕಾಶ ಬಂತು. ಪ್ರತಿ ನಾಲ್ಕು ಟಿ800ಗಳಿಗೆ ಒಂದರಂತೆ ಇಂಟೆಲ್ ಕಂಪನಿಯ ಐ860 ಪ್ರೊಸೆಸರ್ ಸೇರಿಸಿದರು. ಭಾರದ ಲೆಕ್ಕಕ್ಕೆ ಐ860, ಅಂಚೆಗೆ ಟ್ರಾನ್ಸ್‌ಪ್ಯೂಟರ್. ಸರದಿಯ ಜಗಳ ಬಗೆಹರಿಸುವುದಕ್ಕಿಂತ ಇಬ್ಬರನ್ನೂ ಬೇರೆ ಕೋಣೆಗೆ ಕಳುಹಿಸುವುದು ಸುಲಭ ಎಂಬ ಈ ಉಪಾಯವನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಜಗತ್ತಿನ ದೊಡ್ಡ ಯಂತ್ರಗಳು ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದವು.

ಇನ್‌ಮೋಸ್‌ನ ಮುಂದಿನ ಚಿಪ್ ತಡವಾಗುತ್ತಲೇ ಹೋಯಿತು. ಕಂಪನಿ 1989ರಲ್ಲೇ ಎಸ್‌ಜಿಎಸ್-ಥಾಮ್ಸನ್ ಕೈಗೆ ಹೋಗಿತ್ತು. ಸಿ-ಡ್ಯಾಕ್ 1994ರ ಪರಮ್ 9000ಕ್ಕೆ ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್ ಆರಿಸಿತು. 1998ರ ಪರಮ್ 10000 ಪೂರ್ತಿಯಾಗಿ ಸನ್ ಸರ್ವರ್‌ಗಳ ಗುಂಪು. 2003ರ ಪರಮ್ ಪದ್ಮ ಐಬಿಎಂನ ಪವರ್4 ಪ್ರೊಸೆಸರ್‌ಗಳ ಯಂತ್ರ. ಜಗತ್ತಿನ 500 ವೇಗದ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಅದಕ್ಕೆ 171ನೇ ಸ್ಥಾನ ಸಿಕ್ಕಿತು. ಪಟ್ಟಿಯ ಸ್ಥಾನಕ್ಕಿಂತ ಇಲ್ಲಿ ಮುಖ್ಯವಾದದ್ದು ಇನ್ನೊಂದು. ಈಗ ಒಂದೊಂದು ನೋಡ್ ಕೂಡ ಸ್ವಯಂಪೂರ್ಣ ಕಂಪ್ಯೂಟರ್. ಅದರ ಮೇಲೆ ಯೂನಿಕ್ಸ್ ಕುಲದ ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಮ್. ಅದರ ಬೆನ್ನಿಗೆ, ಯಾರೂ ಕರೆಯದಿದ್ದರೂ ಸದಾ ಎಚ್ಚರವಿರುವ ಹಿನ್ನೆಲೆ ಕೆಲಸಗಾರರ ದಂಡು.

ಅವುಗಳಿಗೆ ಯೂನಿಕ್ಸ್ ಜಗತ್ತಿನಲ್ಲಿ ‘ಡೀಮನ್’ ಎಂದು ಹೆಸರು. ದೆವ್ವ ಎಂದು ಅನುವಾದಿಸಿದರೆ ಪಾಪ ಅನ್ಯಾಯವಾಗುತ್ತದೆ. ಹೆಸರು ಬಂದದ್ದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಸದ್ದಿಲ್ಲದೆ ಬೇರ್ಪಡಿಸುತ್ತಾ ಕೂರುವ ಪುಟ್ಟ ಕಾವಲುಗಾರನಿಂದ. ಸಿ-ಡ್ಯಾಕ್ ಪರಮ್ 8000 ಹೊರತಂದ 1991ರಲ್ಲೇ ಫಿನ್ಲೆಂಡಿನಲ್ಲಿ ಹುಟ್ಟಿದ ಲಿನಕ್ಸ್, ಮುಂದೆ ಬಹುತೇಕ ಎಲ್ಲ ಸೂಪರ್‌ಕಂಪ್ಯೂಟರ್‌ಗಳನ್ನೂ ಆವರಿಸಿಕೊಂಡಿತು. ಅದರಲ್ಲಿ ಕರ್ನೆಲ್ ತನಗಾಗಿಯೇ ನಡೆಸುವ ಕೆಲಸಗಾರರೂ ಇದ್ದಾರೆ. ಪ್ರೊಸೆಸ್‌ಗಳ ಪಟ್ಟಿ ತೆಗೆದರೆ ಇವರ ಹೆಸರು ಚೌಕ ಆವರಣದೊಳಗೆ ಕಾಣಿಸುತ್ತದೆ. ಮೆಮೊರಿ ಕಡಿಮೆಯಾದಾಗ ಜಾಗ ತೆರವು ಮಾಡುವ ಕೆಸ್ವಾಪ್‌ಡಿ, ನೆಟ್‌ವರ್ಕಿನ ಬಾಕಿ ಕೆಲಸ ತೀರಿಸುವ ಕೆಸಾಫ್ಟ್‌ಐಆರ್‌ಕ್ಯೂಡಿ, ಒಂದು ಪ್ರೊಸೆಸರಿನಿಂದ ಇನ್ನೊಂದಕ್ಕೆ ಕೆಲಸ ವರ್ಗಾಯಿಸುವ ಮೈಗ್ರೇಷನ್, ಬಿಡಿ ಕೆಲಸಗಳಿಗೆಲ್ಲ ಕೈಜೋಡಿಸುವ ಕೆವರ್ಕರ್.

ಎರಡು ಸಾಲಿನ ಜಾಗದಲ್ಲಿ ಈಗ ದೊಡ್ಡ ಮೆಟ್ಟಿಲು. ಸಾಧಾರಣ ಕೆಲಸಗಳಿಗೆ ‘ನೈಸ್’ ಎಂಬ ಅಂಕೆ, ಮೈನಸ್ 20ರಿಂದ 19ರವರೆಗೆ. ಅಂಕೆ ಹೆಚ್ಚಿದಷ್ಟೂ ಆ ಪ್ರೊಸೆಸ್ ಉಳಿದವರಿಗೆ ಹೆಚ್ಚು ಸಭ್ಯ, ಅಂದರೆ ತಾನು ಹಿಂದೆ ಸರಿಯುವಂಥದ್ದು. ಇಂಗೊ ಮೋಲ್ನಾರ್ ಬರೆದು 2007ರಲ್ಲಿ ಲಿನಕ್ಸಿಗೆ ಸೇರಿದ ಶೆಡ್ಯೂಲರಿನಲ್ಲಿ ಸೊನ್ನೆ ಅಂಕೆಯವನ ತೂಕ 1024 ಆದರೆ 19ರವನ ತೂಕ 15. ಇಬ್ಬರೂ ಒಂದೇ ಪ್ರೊಸೆಸರಿಗೆ ಕಾದಾಡಿದರೆ ಹೆಚ್ಚುಕಡಿಮೆ 68ಕ್ಕೆ 1ರಂತೆ ಪಾಲು. ಈ ಮೆಟ್ಟಿಲಿನ ಮೇಲೆ ಇನ್ನೊಂದು ಮಹಡಿ ಇದೆ: 1ರಿಂದ 99ರವರೆಗಿನ ‘ರಿಯಲ್-ಟೈಮ್’ ಆದ್ಯತೆಗಳು. ಅಲ್ಲಿನ ಫೈಫೊ ಎಂಬ ವರ್ಗದ ನಿಯಮ ಟ್ರಾನ್ಸ್‌ಪ್ಯೂಟರಿನ ಮೇಲಿನ ಸಾಲಿನ ನಿಯಮವೇ. ತಾನಾಗಿ ನಿಲ್ಲುವವರೆಗೆ ಅಥವಾ ತನಗಿಂತ ಮೇಲಿನವನು ಬರುವವರೆಗೆ ಅವನದೇ ರಾಜ್ಯ. ಹಳೆಯ ಗುಂಡಿಗೆ ಮಾತ್ರ ಲಿನಕ್ಸ್ ಬೇಲಿ ಹಾಕಿದೆ. ರೂಢಿಯ ಹೊಂದಾಣಿಕೆಯಲ್ಲಿ ಈ ಮಹಡಿಯವರು ಪ್ರತಿ ಸೆಕೆಂಡಿನಲ್ಲಿ 0.95 ಸೆಕೆಂಡಿಗಿಂತ ಹೆಚ್ಚು ತಿನ್ನುವಂತಿಲ್ಲ. ಉಳಿದ 0.05 ಸೆಕೆಂಡಿನಲ್ಲಿ ಯಂತ್ರ ನೋಡಿಕೊಳ್ಳುವವರು ಒಳಹೊಕ್ಕು ಹುಚ್ಚೆದ್ದ ಪ್ರೊಸೆಸ್ಸನ್ನು ಕೊಲ್ಲಬಹುದು.

ಇಷ್ಟೆಲ್ಲ ನಾಜೂಕು ಇದ್ದರೂ, ಒಂದೇ ಕಂಪ್ಯೂಟರಿಗೆ ಸರಿಯಾದ ಸರದಿ ಸಾವಿರ ಕಂಪ್ಯೂಟರುಗಳ ಗುಂಪಿಗೆ ಸರಿಯಾಗುವುದಿಲ್ಲ. ಇದು ಸ್ಪಷ್ಟವಾಗಿ ಬಯಲಾದದ್ದು ಪುಣೆಯಲ್ಲಲ್ಲ, ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ. ಅಲ್ಲಿನ ಆಸ್ಕಿ ಕ್ಯೂ ಎಂಬ 8192 ಪ್ರೊಸೆಸರಿನ ಯಂತ್ರ ನಿರೀಕ್ಷೆಯ ಅರ್ಧ ವೇಗದಲ್ಲಿ ಓಡುತ್ತಿತ್ತು. ಪ್ರತಿ ನೋಡಿನಲ್ಲಿದ್ದ ನಾಲ್ಕು ಪ್ರೊಸೆಸರ್‌ಗಳಲ್ಲಿ ಮೂರನ್ನು ಮಾತ್ರ ದುಡಿಸಿದರೆ, ನಾಲ್ಕನ್ನೂ ದುಡಿಸಿದ್ದಕ್ಕಿಂತ ಕೆಲಸ ಬೇಗ ಮುಗಿಯುತ್ತಿತ್ತು. ಫ್ಯಾಬ್ರಿಜಿಯೊ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್, ಸ್ಕಾಟ್ ಪ್ಯಾಕಿನ್ 2003ರಲ್ಲಿ ಇದರ ಮೂಲ ಹಿಡಿದು ಪ್ರಕಟಿಸಿದರು. ಕಳ್ಳರು ಹಿನ್ನೆಲೆಯ ಡೀಮನ್‌ಗಳು ಮತ್ತು ಕರ್ನೆಲ್‌ನ ನಿತ್ಯದ ಸಣ್ಣ ಚಟುವಟಿಕೆಗಳು. ಒಬ್ಬೊಬ್ಬರು ಕದ್ದದ್ದು ತೀರಾ ಸ್ವಲ್ಪ. ಒಂದು ನೋಡನ್ನು ಮಾತ್ರ ಪರೀಕ್ಷಿಸಿದರೆ ದೂರಲು ಏನೂ ಸಿಗುತ್ತಿರಲಿಲ್ಲ.

ಇದು ಹೇಗೆಂಬುದಕ್ಕೆ ಕಾಗದದ ಮೇಲೆ ಹಾಕಬಹುದಾದ ಒಂದು ಲೆಕ್ಕ. ದೊಡ್ಡ ಲೆಕ್ಕಾಚಾರಗಳು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತವೆ. ಪ್ರತಿ ಹೆಜ್ಜೆಯ ಕೊನೆಗೆ ಎಲ್ಲರೂ ಎಲ್ಲರಿಗಾಗಿ ಕಾಯಬೇಕು. ಒಂದು ಹೆಜ್ಜೆ ಒಂದು ಮಿಲಿಸೆಕೆಂಡು ಎಂದಿಟ್ಟುಕೊಂಡು, ಆ ಅವಧಿಯಲ್ಲಿ ಒಂದು ನೋಡಿನಲ್ಲಿ ಹಿನ್ನೆಲೆ ಕೆಲಸವೊಂದು ಎದ್ದು ಅಡ್ಡಬರುವ ಸಂಭವ ಸಾವಿರಕ್ಕೆ ಒಂದು ಎನ್ನೋಣ. 64 ನೋಡುಗಳಿದ್ದರೆ ನೂರು ಹೆಜ್ಜೆಯಲ್ಲಿ ಸುಮಾರು ಆರಕ್ಕೆ ಎಲ್ಲೋ ಒಂದು ಕಡೆ ಅಡ್ಡಿಯಾಗುತ್ತದೆ. 1000 ನೋಡುಗಳಾದರೆ ನೂರರಲ್ಲಿ 63ಕ್ಕೆ. 4000 ಆದರೆ 98ಕ್ಕೆ. ಅಡ್ಡಿ ಒಬ್ಬನಿಗೆ, ಕಾಯುವುದು ಎಲ್ಲರೂ. ಮೊದಲ ಪರಮ್‌ನಷ್ಟು ದೊಡ್ಡ ಯಂತ್ರದಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲದ ಸಂಗತಿ, ಗಾತ್ರ ಹೆಚ್ಚಿದಾಗ ಇಡೀ ಯಂತ್ರವನ್ನೇ ಕುಂಟಿಸುತ್ತದೆ.

ಲಾಸ್ ಅಲಾಮೋಸ್‌ನವರು ಮಾಡಿದ್ದು ಬೇಡದ ಡೀಮನ್‌ಗಳನ್ನು ತೆಗೆದದ್ದು, ಬೇಕಾದವು ಎದ್ದೇಳುವುದನ್ನು ವಿರಳಗೊಳಿಸಿದ್ದು. ಒಂದೇ ಒಂದು ಹೊಸ ಚಿಪ್ ಕೊಳ್ಳದೆ ಅವರ ಪ್ರೋಗ್ರಾಮಿನ ವೇಗ ಸುಮಾರು ಎರಡು ಪಟ್ಟಾಯಿತು. ಆಮೇಲೆ ದಾರಿಗಳು ಕವಲೊಡೆದವು. ಐಬಿಎಂನ ಬ್ಲೂ ಜೀನ್ ತನ್ನ ಲೆಕ್ಕದ ನೋಡುಗಳಿಗೆ ಏನೂ ಇಲ್ಲದ ಪುಟ್ಟ ಕರ್ನೆಲ್ ಕೊಟ್ಟಿತು. ಕ್ರೇ ಕಂಪನಿ ಪ್ರತಿ ನೋಡಿನಲ್ಲಿ ಒಂದು ಕೋರ್ ಅನ್ನು ಹಿನ್ನೆಲೆ ಕೆಲಸಗಳಿಗೇ ಮೀಸಲಿಟ್ಟು ಉಳಿದವನ್ನು ಲೆಕ್ಕಕ್ಕೆ ಬಿಡುವ ಸೌಲಭ್ಯ ತಂದಿತು. ಐ860 ಬಳಿ ಟ್ರಾನ್ಸ್‌ಪ್ಯೂಟರ್ ಕೂರಿಸಿದ ಹಳೆಯ ಉಪಾಯ ಹೀಗೆ ಒಂದೇ ಚಿಪ್ಪಿನೊಳಗೆ ಮರಳಿ ಬಂತು. ಪುಣೆಯಲ್ಲೂ ಯಂತ್ರಗಳು ಬೆಳೆಯುತ್ತಲೇ ಇದ್ದವು. 2007ರ ನವೆಂಬರಿನಲ್ಲಿ ಟಾಟಾ ಬಳಗ ಇಲ್ಲಿ ಕಟ್ಟಿದ ‘ಏಕ’ ಜಗತ್ತಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ಮರುವರ್ಷ ಸಿ-ಡ್ಯಾಕ್‌ನ ಪರಮ್ ಯುವ ಬಂತು.

ಗಣೇಶಖಿಂಡದ ಅದೇ ಆವರಣದಲ್ಲಿ ಇನ್ನೊಂದು ಸಂಸ್ಥೆಗೆ ಸರದಿಯ ಪ್ರಶ್ನೆ ಬೇರೆಯೇ ರೂಪದಲ್ಲಿ ಎದುರಾಗಿತ್ತು. ರೇಡಿಯೊ ಖಗೋಳ ವಿಜ್ಞಾನದ ರಾಷ್ಟ್ರೀಯ ಕೇಂದ್ರ ಎನ್‌ಸಿಆರ್‌ಎ ಇರುವುದು ಇಲ್ಲೇ. ಗೋವಿಂದ್ ಸ್ವರೂಪ್ ಕಲ್ಪನೆಯ ದೈತ್ಯ ದೂರದರ್ಶಕ ಜಿಎಂಆರ್‌ಟಿ ಇರುವುದು ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್ ಹಳ್ಳಿಯಲ್ಲಿ. ತಲಾ 45 ಮೀಟರ್ ಅಗಲದ 30 ಆಂಟೆನಾಗಳು ಹಿಡಿದ ಸಂಕೇತಗಳನ್ನು ಕ್ಷಣಕ್ಷಣವೂ ಒಂದಕ್ಕೊಂದು ಹೋಲಿಸಿ ಕೂಡಿಸಬೇಕು. ಮೊದಲು ಈ ಕೆಲಸಕ್ಕೆ ಅದಕ್ಕಾಗಿಯೇ ತಯಾರಿಸಿದ ವಿಶೇಷ ಯಂತ್ರಾಂಶ ಇತ್ತು. ಜಯಂತ ರಾಯ್, ಯಶವಂತ್ ಗುಪ್ತ ಮತ್ತು ಸಂಗಡಿಗರು ಅದರ ಬದಲಿಗೆ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ 48 ನೋಡುಗಳ ಲಿನಕ್ಸ್ ಗುಂಪೊಂದನ್ನು ಕಟ್ಟಿದರು. ಇಡೀ ಹೋಲಿಕೆಯನ್ನು ತಂತ್ರಾಂಶದಲ್ಲೇ ಮಾಡುವ ಈ ವ್ಯವಸ್ಥೆಯ ವಿವರಗಳು 2010ರಲ್ಲಿ ಪ್ರಕಟವಾದವು.

ಅದು ನುಂಗಬೇಕಾದ ತುತ್ತಿನ ಗಾತ್ರ ಹೀಗಿದೆ. 32 ಆಂಟೆನಾಗಳಿಗೆ ಆಗುವಷ್ಟು ದಾರಿ, ಪ್ರತಿಯೊಂದಕ್ಕೂ ಎರಡೆರಡು ಸಂಕೇತ, ಒಂದೊಂದರ ಹರವು 33 ಮೆಗಾಹರ್ಟ್ಸ್. ಅಷ್ಟು ಹರವನ್ನು ಕಳೆದುಕೊಳ್ಳದೆ ಹಿಡಿಯಲು ಸೆಕೆಂಡಿಗೆ ಕನಿಷ್ಠ 6.6 ಕೋಟಿ ಸಲ ಅಳೆಯಬೇಕು. 64 ದಾರಿ ಸೇರಿದರೆ ಸೆಕೆಂಡಿಗೆ 420 ಕೋಟಿಗೂ ಮಿಕ್ಕ ಅಳತೆಗಳು. ಹವಾಮಾನದ ಲೆಕ್ಕ ಮಾಡುವ ಯಂತ್ರ ಒಂದು ಕ್ಷಣ ತಡವರಿಸಿದರೆ ಉತ್ತರ ಒಂದು ಕ್ಷಣ ತಡವಾಗಿ ಬರುತ್ತದೆ, ಅಷ್ಟೇ. ಇಲ್ಲಿ ತಡವರಿಸಿದರೆ ಆಕಾಶ ಕಾಯುವುದಿಲ್ಲ. ಮುಂದಿನ ಅಳತೆ ಬಂದು ಹಿಂದಿನದರ ಮೇಲೆ ಕೂತುಬಿಡುತ್ತದೆ. ಆ ಕ್ಷಣದ ದತ್ತಾಂಶ ಹೋದರೆ ಹೋದಂತೆ.

ಇಂಥ ಕೆಲಸಕ್ಕೆ ಸಾಧಾರಣ ಲಿನಕ್ಸನ್ನು ನಂಬಿದ್ದು ಧೈರ್ಯವೇ. ದತ್ತಾಂಶ ಬಂದಾಗ ಅದನ್ನು ಕಾರ್ಡಿನಿಂದ ಎತ್ತಿ ಮೆಮೊರಿಗೆ ಹಾಕುವ ಸಣ್ಣ ಕೆಲಸ ಯಾವ ಕಾರಣಕ್ಕೂ ಕಾಯುವಂತಿಲ್ಲ. ಅದರ ಹಿಂದೆ ನಡೆಯುವ ಭಾರೀ ಗುಣಾಕಾರ ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ, ಸರಾಸರಿ ವೇಗ ಸಾಕಷ್ಟಿದ್ದರೆ. ಆದ್ದರಿಂದ ಇಂಥ ವ್ಯವಸ್ಥೆ ಕಟ್ಟುವವರು ನಡುವೆ ದೊಡ್ಡ ಬಫರ್ ಇಡುತ್ತಾರೆ. ತುಂಬುವವನಿಗೆ ಆದ್ಯತೆ, ಖಾಲಿ ಮಾಡುವವನಿಗೆ ಪಾಳಿ. ಕರ್ನೆಲ್‌ನ ಯಾವುದೋ ಹಿನ್ನೆಲೆ ಕೆಲಸ ಎದ್ದು ಕೆಲವು ಮಿಲಿಸೆಕೆಂಡು ಕದ್ದರೂ ಬಫರ್ ಉಕ್ಕದಿದ್ದರೆ ಸಾಕು. ಕರ್ನೆಲ್‌ನ ಕೆಲಸಗಾರರನ್ನು ಹತ್ತಿಕ್ಕುವುದೂ ಇಲ್ಲಿ ಅಪಾಯಕಾರಿ. ನೆಟ್‌ವರ್ಕಿನ ಬಾಕಿ ತೀರಿಸುವ ಕೆಸಾಫ್ಟ್‌ಐಆರ್‌ಕ್ಯೂಡಿ ಸಾಧಾರಣ ಆದ್ಯತೆಯಲ್ಲಿ ಓಡುವಂಥದ್ದು. ತನ್ನ ಪ್ರೋಗ್ರಾಮೇ ಮುಖ್ಯವೆಂದು ರಿಯಲ್-ಟೈಮ್ ಮಹಡಿಗೆ ಏರಿಸಿ ಅದರ ಮೇಲೆ ಕೂರಿಸಿದರೆ, ಆ ಪ್ರೋಗ್ರಾಮಿಗೆ ಬರಬೇಕಾದ ದತ್ತಾಂಶವನ್ನು ತಂದುಕೊಡುವ ಕೈಯನ್ನೇ ಕಟ್ಟಿದಂತೆ. ಹೊಸಬರು ಇದರಲ್ಲಿ ಎಡವುವುದು ಸಾಮಾನ್ಯ: ಆದ್ಯತೆ ಏರಿಸಿದಷ್ಟೂ ಕೆಲಸ ನಿಧಾನವಾಗುತ್ತದೆ, ಯಾಕೆಂದು ತಿಳಿಯದೆ ಇನ್ನಷ್ಟು ಏರಿಸುತ್ತಾರೆ.

ಲಿನಕ್ಸ್ ಕೂಡ ಈ ನಡುವೆ ಬಗ್ಗಿತು. 2013ರಿಂದ, ಒಂದು ಕೋರ್ ಮೇಲೆ ಒಂದೇ ಕೆಲಸ ಇದ್ದರೆ ಗಡಿಯಾರದ ನಿಯತ ಬಡಿತವನ್ನೂ ಬಹುಮಟ್ಟಿಗೆ ನಿಲ್ಲಿಸಿ ಅದನ್ನು ಅದರ ಪಾಡಿಗೆ ಬಿಡುವ ಏರ್ಪಾಡು ಬಂತು. 2023ರಲ್ಲಿ ಮೋಲ್ನಾರ್ ಅವರ ಶೆಡ್ಯೂಲರಿನ ಜಾಗಕ್ಕೆ ಬಂದ ಹೊಸದು, ಯಾರಿಗೆ ಎಷ್ಟು ಪಾಲು ಎಂಬುದರ ಜೊತೆಗೆ ಯಾರಿಗೆ ಎಷ್ಟು ಬೇಗ ಬೇಕು ಎಂಬುದನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ವಲ್ಪವೇ ಬೇಕು, ಆದರೆ ಈಗಲೇ ಬೇಕು ಎನ್ನುವ ಬಡಿಸುವ ಹುಡುಗನಿಗೆ ಅದರಲ್ಲಿ ಕೊನೆಗೂ ಒಂದು ಪ್ರತ್ಯೇಕ ಕಾಲಂ ಸಿಕ್ಕಿದೆ.

2024ರ ಸೆಪ್ಟೆಂಬರಿನಲ್ಲಿ ಸಿ-ಡ್ಯಾಕ್‌ನ ಪರಮ್ ರುದ್ರ ಸರಣಿಯ ಮೂರು ಯಂತ್ರಗಳು ದಿಲ್ಲಿ, ಕೋಲ್ಕತ್ತ ಮತ್ತು ಪುಣೆಯಲ್ಲಿ ಚಾಲನೆಗೊಂಡವು. ಪುಣೆಯದು ಜಿಎಂಆರ್‌ಟಿಗಾಗಿ. ಒಂದೇ ಆವರಣದಲ್ಲಿದ್ದ ಎರಡು ಸಂಸ್ಥೆಗಳ ಕೆಲಸ ಹೀಗೆ ಒಂದು ಯಂತ್ರದಲ್ಲಿ ಕೂಡಿತು. ಅದಕ್ಕೆ ಒಪ್ಪಿಸಿರುವ ಕೆಲಸಗಳಲ್ಲಿ ಒಂದು ಕ್ಷಿಪ್ರ ರೇಡಿಯೊ ಸ್ಫೋಟಗಳ ಅಧ್ಯಯನ. ಎಲ್ಲೋ ದೂರದ ಗ್ಯಾಲಕ್ಸಿಯಿಂದ ಬರುವ ಈ ಮಿಂಚುಗಳಲ್ಲಿ ಎಷ್ಟೋ ಒಮ್ಮೆ ಬಂದು ಹೋದವು ಮತ್ತೆ ಕಾಣಿಸಿಲ್ಲ. ಒಂದೊಂದರ ಆಯುಸ್ಸು ಕೆಲವೇ ಮಿಲಿಸೆಕೆಂಡು, ಅಂದರೆ ಟಿ800ರ ಕೆಳಸಾಲಿನಲ್ಲಿ ಒಂದು ಪ್ರೊಸೆಸ್ಸಿಗೆ ಸಿಗುತ್ತಿದ್ದ ಒಂದೆರಡು ಪಾಳಿ.